ದಾಖಲೆ ವಿಭಾಗದ ಆ ಸಿಬ್ಬಂದಿಗೆ ವಂದನೆ

ಟ್ರಾನ್ಸ್‌ಕ್ರಿಪ್ಟ್ ಪಡೆಯುವುದು ಹೇಗೆಂದು ಕೇಳಲು ಕರೆ ಮಾಡಿದಾಗ ತರಬೇತಿ ಸಂಸ್ಥೆಯ ದಾಖಲೆ ವಿಭಾಗದಲ್ಲಿ ಫೋನ್ ಎತ್ತಿದ, ಹೆಸರು ಹೇಳದ ತಮಗೆ ಹೃತ್ಪೂರ್ವಕ ಧನ್ಯವಾದ.

ಪ್ರಮಾಣಪತ್ರ ಬೇರೆ, ಟ್ರಾನ್ಸ್‌ಕ್ರಿಪ್ಟ್ ಬೇರೆ ಎಂದು ಮೊದಲೇ ಬಿಡಿಸಿ ಹೇಳಿದಿರಿ: ಮೊದಲನೆಯದು ಕೋರ್ಸ್ ಮುಗಿಸಿದ್ದಕ್ಕೆ ಸಾಕ್ಷಿ, ಎರಡನೆಯದರಲ್ಲಿ ವಿಷಯವಾರು ಅಂಕ, ತರಬೇತಿಯ ಗಂಟೆ, ದಿನಾಂಕ ಬೇಕು. ಅರ್ಜಿಯಲ್ಲಿ ಬರೆಯಬೇಕಾದದ್ದು ಸೇರುವಾಗ ಕೊಟ್ಟಿದ್ದ ಹೆಸರು. ಜೊತೆಗೆ ನೋಂದಣಿ ಸಂಖ್ಯೆ, ಜನ್ಮದಿನಾಂಕ, ಬ್ಯಾಚ್‌ನ ವರ್ಷ. ಹೆಸರು ಬದಲಾಗಿದ್ದರೆ ಅದರ ದಾಖಲೆಯ ಪ್ರತಿ. ಶುಲ್ಕ ಬಾಕಿಯಿದ್ದರೆ ಅರ್ಜಿ ಅಲ್ಲೇ ನಿಂತೀತು.

ಎಲ್ಲಕ್ಕಿಂತ ಬೆಲೆಬಾಳುವ ಮಾತು ಲಕೋಟೆಯದು. ಲಕೋಟೆಯ ಮೊಹರು ಒಡೆದ ಟ್ರಾನ್ಸ್‌ಕ್ರಿಪ್ಟ್ ಪ್ರತಿಯನ್ನು ಸಾಮಾನ್ಯವಾಗಿ ಅಧಿಕೃತವೆಂದು ಒಪ್ಪುವುದಿಲ್ಲ. ಹಾಗಾಗಿ ಅದನ್ನು ಕೇಳಿದವರ ವಿಳಾಸಕ್ಕೇ ನೇರವಾಗಿ ಕಳಿಸುವುದು, ಅವರು ಕೊಟ್ಟ ಉಲ್ಲೇಖ ಸಂಖ್ಯೆಯನ್ನು ಲಕೋಟೆಯ ಮೇಲೂ ಬರೆಸುವುದು, ನಮ್ಮಲ್ಲಿಟ್ಟುಕೊಳ್ಳಲು ಬೇರೆಯೇ ಪ್ರತಿ ಕೇಳುವುದು. ಇಷ್ಟನ್ನೂ ತಾಳ್ಮೆಯಿಂದ ಎರಡೆರಡು ಸಲ ಹೇಳಿದಿರಿ.