ಕಲ್ಲು ಒಡೆಯಲು ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಕಲ್ಲಿನ ಬಾಣದ ಮೊನೆ ಮಾಡೋದು ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀಯಲ್ಲ. ಮೊನೆಯನ್ನು ಸದ್ಯಕ್ಕೆ ಮರೆತುಬಿಡು ಕಣೋ. ಒಂದೇ ಒಂದು ಒಳ್ಳೆಯ ಚಕ್ಕೆ ಎಬ್ಬಿಸುವುದನ್ನು ಕಲಿ. ನೀನು ಅಂದುಕೊಂಡ ಜಾಗದಿಂದ, ಅಂದುಕೊಂಡ ಕಡೆಗೆ, ಅಂದುಕೊಂಡಷ್ಟು ಉದ್ದದ ಚಕ್ಕೆ. ನಾನೂ ಇನ್ನೂ ಕಲಿಯುತ್ತಿರುವವನೇ. ಆದರೆ ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಕಲ್ಲು ಕೈಗೆತ್ತಿಕೊಳ್ಳುವ ಮೊದಲು ಕನ್ನಡಕ ಹಾಕಿಕೋ. ಓದುವ ಕನ್ನಡಕ ಅಲ್ಲ, ಕಣ್ಣಿನ ಪಕ್ಕವನ್ನೂ ಮುಚ್ಚುವಂಥದ್ದು. ಚಕ್ಕೆ ಹಾರುವ ದಿಕ್ಕನ್ನು ಯಾರೂ ಹೇಳಲಾರರು. ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ ದೂಳಿನದು. ಈ ಕಲ್ಲುಗಳಲ್ಲಿ ಇರುವುದು ಬಹುಪಾಲು ಸಿಲಿಕಾ. ಅದರ ಸಣ್ಣ ದೂಳು ಶ್ವಾಸಕೋಶದೊಳಗೆ ಹೋದರೆ ಅಲ್ಲೇ ಉಳಿದುಬಿಡುತ್ತದೆ. ಇಂಗ್ಲೆಂಡಿನ ಬ್ರ್ಯಾಂಡನ್ ಎಂಬ ಊರಿನಲ್ಲಿ ಹಳೆಯ ಕಾಲದ ಕೋವಿಗಳಿಗೆ ಚಕಮಕಿ ಕಲ್ಲು ಒಡೆದುಕೊಡುವವರಿದ್ದರು. ಮುಚ್ಚಿದ ಕೋಣೆಗಳಲ್ಲಿ ಕೂತು ಒಡೆಯುತ್ತಿದ್ದ ಅವರಲ್ಲಿ ಎಷ್ಟೋ ಜನ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗದಿಂದ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಹಾಗಾಗಿ ಬಯಲಲ್ಲೇ ಕೂರು. ಗಾಳಿ ನಿನ್ನಿಂದ ಆಚೆಗೆ ಬೀಸುತ್ತಿರಲಿ. ದೂಳಿಗೆಂದೇ ಬರುವ ಮಾಸ್ಕ್ ಹಾಕಿಕೋ. ಕೆಳಗೆ ಟಾರ್ಪಾಲು ಹಾಸು, ಪೊರಕೆಯಿಂದ ಒಣ ದೂಳು ಗುಡಿಸಬೇಡ. ತೊಡೆಯ ಮೇಲೆ ದಪ್ಪ ಚರ್ಮದ ತುಂಡು ಇರಲೇಬೇಕು.

ಎಲ್ಲ ಕಲ್ಲೂ ಈ ಕೆಲಸಕ್ಕೆ ಬರುವುದಿಲ್ಲ. ಗ್ರಾನೈಟಿನಲ್ಲಿ ದಪ್ಪ ಹರಳುಗಳಿರುವುದರಿಂದ ಬಿರುಕು ಅಡ್ಡಾದಿಡ್ಡಿ ಹೋಗುತ್ತದೆ. ಚಕಮಕಿ ಕಲ್ಲು, ಅದರ ಜಾತಿಯದೇ ಆದ ಚರ್ಟ್, ಜ್ವಾಲಾಮುಖಿಯ ಗಾಜಾದ ಅಬ್ಸಿಡಿಯನ್ ಹಾಗಲ್ಲ. ಅವುಗಳಲ್ಲಿ ಬಿರುಕು ನೀನು ದಾರಿ ತೋರಿಸಿದ ಕಡೆಗೆ ಹೋಗುತ್ತದೆ. ಆರಿಸುವಾಗ ಇನ್ನೊಂದು ಕಲ್ಲಿನಿಂದ ಮೆಲ್ಲಗೆ ತಟ್ಟಿ ನೋಡು. ಟಣ್ ಎಂದರೆ ಇಟ್ಟುಕೋ. ಮಂದ ಸದ್ದು ಬಂದರೆ ಒಳಗೆ ಬಿರುಕಿರಬಹುದು, ಬಿಟ್ಟುಬಿಡು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇಂಥ ಕಲ್ಲಿನ ಮೇಲೆ ಒಂದು ಬಿಂದುವಿಗೆ ಪೆಟ್ಟು ಬಿದ್ದಾಗ ಬಲ ಒಳಗೆ ಶಂಕುವಿನ ಆಕಾರದಲ್ಲಿ ಹರಡುತ್ತದೆ. ಗಾಜಿನ ಕಿಟಕಿಗೆ ಸಣ್ಣ ಗುಂಡು ತಾಗಿದರೆ ಆಚೆ ಬದಿಯಿಂದ ಶಂಕುವಿನಂಥ ತುಂಡು ಉದುರುವುದೂ ಇದೇ ಕಾರಣಕ್ಕೆ. ನಾವು ಅಂಚಿನ ಹತ್ತಿರ ಹೊಡೆದು ಆ ಶಂಕುವಿನ ಒಂದು ಪಕ್ಕವನ್ನಷ್ಟೇ ಬಳಸಿಕೊಳ್ಳುತ್ತೇವೆ. ಅದಕ್ಕೇ ಕೋನ ಇಷ್ಟು ಮುಖ್ಯ. ನೀನು ಹೊಡೆಯುವ ಮೇಲ್ಮೈಗೂ ಚಕ್ಕೆ ಏಳಬೇಕಾದ ಪಕ್ಕಕ್ಕೂ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಲೇಬೇಕು. ಅದು ಸರಿಯಿಲ್ಲದಿದ್ದರೆ ಎಷ್ಟು ಜೋರಾಗಿ ಹೊಡೆದರೂ ಸುಮ್ನೆ ಕಲ್ಲು ಜಜ್ಜುತ್ತದೆ ಅಷ್ಟೇ. ಅಂಥ ಅಂಚು ಸಿಗುವವರೆಗೆ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡು. ಅದರ ಕೆಳಗೆ ಉದ್ದಕ್ಕೆ ಒಂದು ಏಣು, ಅಂದರೆ ಉಬ್ಬಿದ ಗೆರೆ, ಇಳಿದಿದ್ದರೆ ಇನ್ನೂ ಒಳ್ಳೆಯದು. ಬಿರುಕು ಏಣನ್ನು ಹಿಡಿದು ಹೋಗುತ್ತದೆ. ತಗ್ಗಿದ್ದಲ್ಲಿ ನಿಂತುಬಿಡುತ್ತದೆ.

ಅಂಚು ಸಿಕ್ಕಿತು ಅಂತ ತಕ್ಷಣ ಹೊಡೆಯಬೇಡ. ತೆಳ್ಳಗಿನ ಅಂಚಿಗೆ ಪೆಟ್ಟು ತಡೆಯುವ ಶಕ್ತಿ ಇಲ್ಲ, ಪುಡಿಯಾಗಿಬಿಡುತ್ತದೆ. ಒರಟಾದ ಮರಳುಗಲ್ಲಿನಿಂದ ಅದನ್ನು ಉಜ್ಜಿ ಸ್ವಲ್ಪ ಮೊಂಡು ಮಾಡಬೇಕು. ಹರಿತ ಬೇಕಾದವನು ಮೊದಲು ಮೊಂಡು ಮಾಡುವುದು ವಿಚಿತ್ರ ಅಲ್ವಾ? ಆದರೆ ಕೆಲಸ ಕೂಡುವುದೇ ಇಲ್ಲಿ. ಪಳಗಿದವರ ಕೈ ನೋಡುತ್ತಾ ಕೂತರೆ ಹೊಡೆಯುವುದಕ್ಕಿಂತ ಉಜ್ಜುವುದು, ನೋಡುವುದೇ ಜಾಸ್ತಿ ಕಾಣುತ್ತದೆ. ನನಗೆ ಈ ಹವ್ಯಾಸದಲ್ಲಿ ಅತಿ ಇಷ್ಟವಾದ ಹೊತ್ತು ಅದೇ.

ಸುತ್ತಿಗೆಗೆ ನುಣುಪಾದ ಗುಂಡು ಕಲ್ಲು ಸಾಕು. ತೆಳುವಾದ ಅಗಲ ಚಕ್ಕೆ ಬೇಕೆಂದಾಗ ಜಿಂಕೆ ಜಾತಿಯ ಪ್ರಾಣಿಗಳು ಉದುರಿಸಿದ ಕೊಂಬನ್ನೋ ತಾಮ್ರವನ್ನೋ ಬಳಸುತ್ತಾರೆ. ಅದು ಆಮೇಲಿನ ಮಾತು.

ಚಕ್ಕೆ ಎದ್ದ ಮೇಲೆ ಅದರ ಒಳಮುಖ ನೋಡು. ಪೆಟ್ಟು ಬಿದ್ದ ಜಾಗದ ಕೆಳಗೆ ಒಂದು ಉಬ್ಬು, ಅಲ್ಲಿಂದ ಹರಡಿದ ಅಲೆಗಳು. ತುದಿ ಗರಿಯಂತೆ ತೆಳುವಾಗಿದ್ದರೆ ಎಲ್ಲ ಸರಿ ಹೋಗಿದೆ. ಮೆಟ್ಟಿಲು ಕಡಿದ ಹಾಗೆ ಮುರಿದಿದ್ದರೆ ಅಥವಾ ಮೇಲಕ್ಕೆ ಮಡಚಿಕೊಂಡಿದ್ದರೆ ಬಲ ಸಾಲದಾಗಿದೆ, ಇಲ್ಲವೇ ಪೆಟ್ಟಿನ ದಿಕ್ಕು ಹೊರಕ್ಕೆ ವಾಲಿದೆ. ಅದರ ಮೇಲೇ ಮತ್ತೆ ಮತ್ತೆ ಹೊಡೆದರೆ ಮೆಟ್ಟಿಲಿನ ಮೇಲೆ ಮೆಟ್ಟಿಲು ಬೆಳೆಯುತ್ತದೆ. ಬೇರೆ ಬದಿಯಿಂದ ಬಂದು ಅದರ ಅಡಿಯಿಂದ ಚಕ್ಕೆ ತೆಗೆ.

ಒಳ್ಳೆಯ ಕಲ್ಲು ಸಿಗದಿದ್ದರೆ ದಪ್ಪ ಬಾಟಲಿಯ ತಳ ಬಳಸು. ಅದು ಕೀಳು ವಸ್ತುವೇನಲ್ಲ. 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡ ಇಶಿ, ಯಾಹಿ ಎಂಬ ತನ್ನ ಮೂಲನಿವಾಸಿ ಜನರಲ್ಲಿ ಕೊನೆಯವನಾಗಿ ಉಳಿದಿದ್ದವನು. ಅಬ್ಸಿಡಿಯನ್ ಒಡೆದಷ್ಟೇ ಸಲೀಸಾಗಿ ಬಾಟಲಿ ಗಾಜಿನಿಂದಲೂ ಮೊನೆಗಳನ್ನು ಮಾಡುತ್ತಿದ್ದ. ಅವನ ಮೊನೆಗಳ ಚಿತ್ರ ಸಿಕ್ಕರೆ ತಪ್ಪದೆ ನೋಡು. ಆ ಅಂಚಿನ ಸಣ್ಣ ಸಣ್ಣ ಚಕ್ಕೆಗಳು ಸುತ್ತಿಗೆಯಿಂದ ಎದ್ದವಲ್ಲ, ಚೂಪಾದ ತುದಿಯಿಂದ ಒತ್ತಿ ಎಬ್ಬಿಸಿದವು. ಮೊದಲು ಕಲ್ಲಿನೊಳಕ್ಕೆ ಒತ್ತಬೇಕು, ಆಮೇಲೆ ಕೆಳಕ್ಕೆ.

ಕೀನ್ಯಾದ ಲೊಮೆಕ್ವಿಯಲ್ಲಿ ಸಿಕ್ಕ ಕಲ್ಲಿನ ಉಪಕರಣಗಳಿಗೆ ಸುಮಾರು 33 ಲಕ್ಷ ವರ್ಷ ಎನ್ನುತ್ತಾರೆ. ನಮ್ಮಂಥ ಮನುಷ್ಯರೇ ಇನ್ನೂ ಹುಟ್ಟಿರದ ಕಾಲ. ಅವನ್ನು ಮಾಡಿದ ಕೈಗಳಿಗೂ ಕಲ್ಲಿನ ಅಂಚು ಆರಿಸುವುದು ಗೊತ್ತಿತ್ತು ಎಂದು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಅದಕ್ಕೇ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹಳೆಯ ಉಪಕರಣ ಎಲ್ಲಾದರೂ ಕಂಡರೆ ಅದನ್ನು ಒಡೆಯುವುದಿರಲಿ, ಎತ್ತಿಕೊಳ್ಳಲೂ ಬೇಡ. ಅದು ಬಿದ್ದಿರುವ ಜಾಗವೂ ಸಾಕ್ಷಿಯೇ. ನಿನ್ನ ಚಕ್ಕೆಗಳನ್ನೂ ಕಂಡ ಕಂಡಲ್ಲಿ ಸುರಿಯಬೇಡ. ಮುಂದೆ ಅಗೆಯುವವರಿಗೆ ಅವು ಹಳೆಯವೋ ಹೊಸವೋ ತಿಳಿಯದೆ ಗೊಂದಲವಾಗುತ್ತದೆ. ಬರಿಗಾಲು ತುಳಿದರೂ ಕಷ್ಟ. ಒಂದು ಕಡೆ ಹೂಳುವುದಾದರೆ ಜೊತೆಗೆ ಈ ಕಾಲದ ನಾಣ್ಯ ಹಾಕು. ಮಾಡಿದ ಮೊನೆಯ ಮೇಲೆ ನಿನ್ನ ಗುರುತು, ಇಸವಿ ಬರೆ.

ಕನ್ನಡಕ, ಮಾಸ್ಕ್, ಚರ್ಮ ಹೊಂದಿಸಿಕೊಂಡ ಮೇಲೆ ತಿಳಿಸು. ಮೊದಲ ಚಕ್ಕೆಗಳ ಎರಡೂ ಮುಖದ ಫೋಟೋ ಕಳಿಸು, ಹೊಡೆದ ಅಂಚಿನದೂ ಇರಲಿ. ಮುರಿದವನ್ನೂ ಬಿಡಬೇಡ. ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಇಬ್ಬರೂ ಕೂತು ನೋಡೋಣ.

ನಿನ್ನ ಗೆಳೆಯ