ಲಾರಿ ಬರದ ಬೆಟ್ಟದ ದಾರಿ

ಫಿಲ್ಲಾಖ್, ಆಸ್ಟ್ರಿಯಾ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಹೋದ ವಾರ ಫೋನಿನಲ್ಲಿ ಆಲ್ಪ್ಸ್ ಬೆಟ್ಟಗಳ ನಡುವೆ ಇಟಲಿ ಕಡೆಗೆ ಸೈಕಲ್ ತುಳಿಯುವ ವಿಷಯ ಹೇಳುತ್ತಿದ್ದೆ, ಮಾತು ಅರ್ಧಕ್ಕೇ ನಿಂತಿತು. "ಬೆಟ್ಟದ ತಿರುವಿನಲ್ಲಿ ಎದುರಿಗೆ ಲಾರಿ ಬಂದರೆ ಸೈಕಲ್ ಎಲ್ಲಿಗೆ ಸರಿಸ್ತೀಯಾ?" ಅಂತ ಅಮ್ಮ ಕೇಳಿದಳು. ಲಾರಿ ಬರೋದೇ ಇಲ್ಲಮ್ಮ ಅಂದರೆ ನಂಬಲಿಲ್ಲ. ಹಿಂದಿನಿಂದ ಅಪ್ಪ, "ಆಲ್ಪ್ಸ್ ಹತ್ತೋಕೆಲ್ಲ ಮೂವತ್ತು ವರ್ಷದವರ ಕಾಲು ಬೇಕು" ಅಂದದ್ದೂ ಕೇಳಿಸಿತು. ಇಬ್ಬರಿಗೂ ಸೇರಿಸಿ ಇಲ್ಲೇ ಉತ್ತರ ಬರೆಯುತ್ತೇನೆ. ಸ್ವಲ್ಪ ಉದ್ದ ಆದೀತು, ಬಿಡುವಾದಾಗ ಓದಿ.

ಫಿಲ್ಲಾಖ್‌ನಿಂದ ದಕ್ಷಿಣಕ್ಕೆ ಹೊರಟರೆ ಇಟಲಿಯ ಗಡಿ. ದಾಟಿದ ಮೇಲೆ ಸಿಗುವ ಊರು ಟಾರ್ವಿಸಿಯೊ. ಅದರಾಚೆ ಫೆಲ್ಲಾ ಅನ್ನುವ ನದಿ ಕೊರೆದ ಕಣಿವೆ ಇದೆ. ಎರಡೂ ಕಡೆ ಕಡಿದಾದ ಬೆಟ್ಟ. ಕೆಲವು ಕಡೆ ನದಿ ಹರಿಯುವುದಕ್ಕೇ ಜಾಗ ಸಾಲದು. ಅಷ್ಟು ಇಕ್ಕಟ್ಟಿನಲ್ಲೇ ಎಲ್ಲವೂ ತೂರಿಕೊಂಡಿವೆ. ಲಾರಿಗಳು, ಅವಸರದ ಕಾರುಗಳು ಹೋಗುವುದು ದೊಡ್ಡ ಹೆದ್ದಾರಿಯಲ್ಲಿ. ಅದು ಎತ್ತರದ ಕಂಬಗಳ ಮೇಲೆ, ಸುರಂಗಗಳ ಒಳಗೆ ತನ್ನ ಪಾಡಿಗೆ ಸಾಗುತ್ತದೆ. ಊರೂರಿಗೆ ಹೋಗುವ ಹಳೆಯ ರಸ್ತೆ ಕೆಳಗಿದೆ. ಇವೆರಡನ್ನೂ ಬಿಟ್ಟು ಮೂರನೆಯದೊಂದು ದಾರಿ ಇದೆ. ನಾನು ಹೋಗುವುದು ಅದರಲ್ಲಿ. ಅದು ರೈಲು ಬಿಟ್ಟುಹೋದ ದಾರಿ.

ಇಟಲಿಯ ಬಯಲಿನಲ್ಲಿರುವ ಉದಿನೆಯಿಂದ ಈ ಕಣಿವೆಯ ಪೊಂಟೆಬ್ಬಾವರೆಗೆ ರೈಲು ಪೂರ್ತಿಯಾಗಿ ಬಂದದ್ದು 1879ರಲ್ಲಿ. ಆಗ ಇಟಲಿಗೂ ಆಸ್ಟ್ರಿಯಾಕ್ಕೂ ಪೊಂಟೆಬ್ಬಾದಲ್ಲೇ ಗಡಿ. ಒಂದೇ ಜೋಡಿ ಹಳಿ ನದಿಯ ಪಕ್ಕದಲ್ಲೇ ಬಳಸಿಕೊಂಡು ಹೋಗುತ್ತಿತ್ತು. ಆಮೇಲೆ ರೈಲು ಜಾಸ್ತಿಯಾಯಿತು, ವೇಗ ಸಾಲದಾಯಿತು. ಬೆಟ್ಟದ ಒಳಗೆ ಉದ್ದುದ್ದ ಸುರಂಗ ಕೊರೆದು ಹೊಸ ಮಾರ್ಗ ಮಾಡಿದರು. 2000ದ ಹೊತ್ತಿಗೆ ಹಳೆಯ ದಾರಿಯಲ್ಲಿ ರೈಲು ಓಡುವುದು ನಿಂತಿತು. ಹಳಿ ತೆಗೆದ ಜಾಗಕ್ಕೆ ಡಾಂಬರು ಬಿತ್ತು, ಸೈಕಲ್ಲುಗಳು ಬಂದವು. ಈಗ ರೈಲಿನಲ್ಲಿ ಹೋದರೆ ಕಿಟಕಿಯಾಚೆ ಹೆಚ್ಚಾಗಿ ಕಾಣುವುದು ಕತ್ತಲೆ. ನದಿ, ಕಬ್ಬಿಣದ ಸೇತುವೆ, ಬೆಟ್ಟ ಎಲ್ಲವೂ ಸೈಕಲ್ಲಿನವರ ಪಾಲಿಗೆ. ಇದರಲ್ಲಿ ಯಾರಿಗೆ ಲಾಭ ಆಯಿತು ನೀವೇ ಹೇಳಿ!

ಅಪ್ಪನ ಮಾತಿಗೂ ಉತ್ತರ ಇದೇ ರೈಲಿನಲ್ಲಿದೆ. ರೈಲಿಗೆ ಜೋರು ಏರು ಹತ್ತಲು ಬರುವುದಿಲ್ಲ, ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಜಾರುತ್ತದೆ. ಅದಕ್ಕೇ ಎಂಜಿನಿಯರುಗಳು ಇಂಥ ಬೆಟ್ಟದ ಮಾರ್ಗದಲ್ಲೂ ನೂರು ಮೀಟರಿಗೆ ಎರಡು, ಎರಡೂವರೆ ಮೀಟರ್‌ಗಿಂತ ಹೆಚ್ಚು ಏರದಂತೆ ನೋಡಿಕೊಳ್ಳುತ್ತಿದ್ದರು. ಕಣಿವೆ ಅಡ್ಡ ಬಂದರೆ ಸೇತುವೆ, ಗುಡ್ಡ ಅಡ್ಡ ಬಂದರೆ ಸುರಂಗ. ಇಲ್ಲಿನ ಘಾಟಿ ರಸ್ತೆಗಳಲ್ಲಿ ನೂರಕ್ಕೆ ಎಂಟು, ಹತ್ತು ಮೀಟರ್ ಏರು ಇರುವುದು ಮಾಮೂಲಿ. ಅದನ್ನು ಹತ್ತುವವರೂ ಇದ್ದಾರೆ, ತೆಳ್ಳಗಿನ ಟೈರಿನ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಾ. ಅವರ ಪಾಡು ಅವರಿಗೆ. ಕ್ಯಾರಿಯರ್‌ನ ಎರಡೂ ಕಡೆ ಚೀಲ ತೂಗುಹಾಕಿಕೊಂಡು ಊರಿಂದೂರಿಗೆ ಹೋಗುವ ನನ್ನಂಥವರಿಗೆ ಹಳೆಯ ರೈಲು ದಾರಿಯೇ ಸರಿ.

ಇನ್ನೊಂದು ಸೋಜಿಗ ಕೇಳಿ. ಫಿಲ್ಲಾಖ್ ಇರುವುದು ಸುಮಾರು 500 ಮೀಟರ್ ಎತ್ತರದಲ್ಲಿ. ಟಾರ್ವಿಸಿಯೊ ದಾಟಿದ ಮೇಲೆ ಕಾಂಪೊರೊಸ್ಸೊ ಅನ್ನುವ ಜಾಗ ಬರುತ್ತದೆ, ಎತ್ತರ 800 ಮೀಟರ್ ಚಿಲ್ಲರೆ. ಅದರ ಈಚೆ ಬಿದ್ದ ಮಳೆ ಡ್ರೌ ನದಿಗೆ, ಅಲ್ಲಿಂದ ಡಾನ್ಯೂಬ್‌ಗೆ, ಕೊನೆಗೆ ಕಪ್ಪು ಸಮುದ್ರಕ್ಕೆ. ಆಚೆ ಬಿದ್ದದ್ದು ಫೆಲ್ಲಾಕ್ಕೆ ಸೇರಿ ಏಡ್ರಿಯಾಟಿಕ್ ಕಡಲಿಗೆ. ಇಷ್ಟು ದೊಡ್ಡ ಗೆರೆ ದಾಟಿದ್ದೇ ಗೊತ್ತಾಗುವುದಿಲ್ಲ. ಪೆಡಲ್ ಹಗುರಾಯಿತು ಅನ್ನಿಸಿದಾಗ ಓಹ್, ಇಳಿಜಾರು ಶುರುವಾಗಿದೆ ಅಂತ ತಿಳಿಯುತ್ತದೆ.

ಹಳೆಯ ಸುರಂಗಗಳೊಳಗೂ ಸೈಕಲ್ ಹೋಗುತ್ತದೆ. ಒಳಗೆ ದೀಪ ಹಾಕಿದ್ದಾರೆ. ಆದರೂ ನಮ್ಮ ದೀಪ ನಮ್ಮ ಹತ್ತಿರ ಇರಬೇಕು. ಬೇಸಿಗೆಯಲ್ಲೂ ಒಳಗೆ ಚಳಿ. ಬೆವರಿದ ಅಂಗಿಯಲ್ಲಿ ನುಗ್ಗಿದರೆ ಮೈ ನಡುಗುತ್ತದೆ, ಸೂರಿನಿಂದ ನೀರೂ ತೊಟ್ಟಿಕ್ಕುತ್ತದೆ. ಹೊರಗೆ ಬಂದ ಕೂಡಲೇ ಸೇತುವೆ, ಕೆಳಗೆ ಬಿಳಿಯ ಉರುಟು ಕಲ್ಲಿನ ನಡುವೆ ಹಸಿರು ಬಣ್ಣದ ನೀರು. ಕಿಯೂಸಾಫೋರ್ಟೆಯ ಹಳೆಯ ಸ್ಟೇಷನ್ನನ್ನು ಈಗ ಸೈಕಲ್ಲಿನವರು ಕಾಫಿ ಕುಡಿಯುವ ಜಾಗ ಮಾಡಿದ್ದಾರೆ. ರೈಲಿಗೆ ಕಾಯಬೇಕಾದ ಪ್ಲಾಟ್‌ಫಾರ್ಮಿನಲ್ಲಿ ಸೈಕಲ್ ಒರಗಿಸಿ ಕೂರುವುದು ಒಂಥರಾ ಮಜಾ.

ಇನ್ನೂ ಕೆಳಗೆ ಇಳಿದರೆ ವೆನ್ಜೋನೆ. ಕೋಟೆಗೋಡೆ ಇರುವ ಪುಟ್ಟ ಊರು. 1976ರ ಮೇ ತಿಂಗಳ ಭೂಕಂಪದಲ್ಲಿ ಕುಸಿಯಿತು, ಸೆಪ್ಟೆಂಬರ್‌ನಲ್ಲಿ ಮತ್ತೆ ನಡುಗಿ ಉಳಿದದ್ದೂ ಬಿತ್ತು. ಊರಿನವರು ದೊಡ್ಡ ಚರ್ಚಿನ ಕಲ್ಲುಗಳನ್ನು ಒಂದೊಂದಾಗಿ ಆರಿಸಿ, ನಂಬರ್ ಹಾಕಿ, ಎಲ್ಲಿಂದ ಬಿದ್ದಿತ್ತೋ ಅಲ್ಲೇ ಕೂರಿಸಿ ಮತ್ತೆ ಕಟ್ಟಿದರು. ನಾನು ಗೋಡೆಯನ್ನು ತುಂಬಾ ಹೊತ್ತು ನೋಡಿದೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಕೆಲವು ಕಡೆ ಕಣ್ಣಿಗೇ ತಿಳಿಯುತ್ತದೆ. ಮುಚ್ಚಿಡಲು ಹೋಗಿಲ್ಲ, ಅದು ನನಗೆ ಹಿಡಿಸಿತು.

ಈ ಇಡೀ ದಾರಿಗೆ ಆಲ್ಪೆ ಆಡ್ರಿಯಾ ಅಂತ ಹೆಸರು. ಸಾಲ್ಜ್‌ಬರ್ಗ್‌ನಿಂದ ಕಡಲ ತೀರದ ಗ್ರಾಡೊವರೆಗೆ ಸುಮಾರು 410 ಕಿಲೋಮೀಟರ್. ನಡುವಿನ ಅತಿ ದೊಡ್ಡ ಬೆಟ್ಟಸಾಲನ್ನು ಹತ್ತುವ ಕಷ್ಟವೇ ಇಲ್ಲ. ಬ್ಯೋಕ್‌ಸ್ಟೈನ್‌ನಲ್ಲಿ ಸೈಕಲ್ಲನ್ನು ರೈಲಿಗೆ ಏರಿಸಿ, ಎಂಟು ಕಿಲೋಮೀಟರ್‌ಗೂ ಹೆಚ್ಚು ಉದ್ದದ ಸುರಂಗದ ಆ ತುದಿಯಲ್ಲಿ ಮಾಲ್ನಿಟ್ಜ್‌ನಲ್ಲಿ ಇಳಿಸಿಕೊಂಡರಾಯಿತು. ಇದನ್ನು ಮೋಸ ಅನ್ನುವವರೂ ಇದ್ದಾರೆ. ಅನ್ನಲಿ.

ಅಮ್ಮನ ಹತ್ತಿರ ಸುಳ್ಳು ಹೇಳಬಾರದು. 410 ಕಿಲೋಮೀಟರ್ ಪೂರ್ತಿ ವಾಹನವೇ ಇಲ್ಲ ಅಂತೇನಿಲ್ಲ. ಆಸ್ಟ್ರಿಯಾದ ಹೊಲದ ದಾರಿಗಳಲ್ಲಿ ಟ್ರ್ಯಾಕ್ಟರ್ ಬರುತ್ತದೆ, ಊರೊಳಗೆ ಕಾರು ಇರುತ್ತವೆ. ಇಟಲಿಯಲ್ಲಿ ಬೆಟ್ಟ ಇಳಿದು ಬಯಲಿಗೆ ಬಂದ ಮೇಲೆ ಮಾಮೂಲಿ ರಸ್ತೆಯಲ್ಲೂ ಸಾಗಬೇಕಾಗುತ್ತದೆ. ಮಳೆಗಾಲದ ಹಾಗೆ ಸುರಿದ ದಿನಗಳ ನಂತರ ಕಲ್ಲು ಜರಿದು ಒಂದೊಂದು ತುಂಡನ್ನು ಮುಚ್ಚುವುದೂ ಉಂಟು. ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಗಾಳಿಯ ವಿಷಯವನ್ನಂತೂ ಯಾರೂ ಮೊದಲೇ ಹೇಳುವುದಿಲ್ಲ. ಬಿಸಿಲೇರಿದಂತೆ ಬೆಟ್ಟದ ಮೈ ಕಾಯುತ್ತದೆ, ಅಲ್ಲಿನ ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಕೆಳಗಿನ ಬಯಲಿನಿಂದ ಗಾಳಿ ಕಣಿವೆಗುಂಟ ನುಗ್ಗುತ್ತದೆ. ಹಾಗಾಗಿ ಮಧ್ಯಾಹ್ನದ ಮೇಲೆ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕು! ಬೆಳಿಗ್ಗೆ ಬೇಗ ಹೊರಟವರು ಗೆದ್ದರು. ವಾಪಸ್ ಬರಲು ಉದಿನೆಯಿಂದ ಫಿಲ್ಲಾಖ್‌ಗೆ ಮಿಕೊಟ್ರಾ ಅನ್ನುವ ರೈಲಿದೆ, 2012ರಿಂದ ಓಡುತ್ತಿದೆ. ಸೈಕಲ್ಲಿಗೆಂದೇ ಅದರಲ್ಲಿ ಜಾಗ ಬಿಟ್ಟಿದ್ದಾರೆ.

ಈಗ ಅಪ್ಪನ ಮಂಡಿಗೆ ಸರಿಹೋಗುವ ದಾರಿ ಹೇಳುತ್ತೇನೆ. ನನ್ನ ಮನೆ ಹತ್ತಿರ ಹರಿಯುವ ಇದೇ ಡ್ರೌ ನದಿ ಹುಟ್ಟುವುದು ಇಟಲಿಯ ಟೋಬ್ಲಾಖ್ ಹತ್ತಿರ, 1,200 ಮೀಟರ್‌ಗೂ ಮೇಲೆ. ಅಲ್ಲಿಂದ ಆಸ್ಟ್ರಿಯಾದ ಲಿಯೆಂಜ್‌ಗೆ ನದಿಯ ಜೊತೆಗೇ ಸೈಕಲ್ ದಾರಿ ಇಳಿಯುತ್ತದೆ. 45 ಕಿಲೋಮೀಟರ್ ಆಸುಪಾಸು, ಇಳಿಕೆ 500 ಮೀಟರ್‌ಗಿಂತ ಜಾಸ್ತಿ. ಸೈಕಲ್ಲನ್ನು ಮೇಲೆ ಬಾಡಿಗೆಗೆ ತೆಗೆದುಕೊಂಡು ಕೆಳಗೆ ಒಪ್ಪಿಸಿ ರೈಲಿನಲ್ಲಿ ವಾಪಸ್ ಬರಬಹುದು. ಅಜ್ಜ ಅಜ್ಜಿಯರು, ತೊಟ್ಟಿಲಿನಂಥ ಗಾಡಿಯಲ್ಲಿ ಮಲಗಿದ ಮಗುವನ್ನು ಎಳೆದುಕೊಂಡು ಹೋಗುವ ತಾಯಂದಿರು, ಎಲ್ಲರೂ ಸಿಗುತ್ತಾರೆ. ನಡುವೆ ಹೈನ್‌ಫೆಲ್ಸ್‌ನಲ್ಲಿ ಲೋಆಕರ್ ವೇಫರ್ ಕಾರ್ಖಾನೆ ಇದೆ. ಅಲ್ಲಿ ಮಕ್ಕಳನ್ನು ಹೊರಡಿಸುವುದು ಅಪ್ಪ ಅಮ್ಮಂದಿರಿಗೆ ಬೆಟ್ಟ ಹತ್ತುವುದಕ್ಕಿಂತ ಕಷ್ಟ.

ಟೋಬ್ಲಾಖ್‌ನಿಂದ ಕೊರ್ಟಿನಾಕ್ಕೆ ಇನ್ನೊಂದು ಹಳೆಯ ರೈಲು ದಾರಿ ಇದೆ. ಮೊದಲ ಮಹಾಯುದ್ಧದಲ್ಲಿ ಸೈನ್ಯಗಳು ಸಾಮಾನು ಸಾಗಿಸಲು ಶುರು ಮಾಡಿದ ಹಳಿ ಅದು, 1964ರಲ್ಲಿ ರೈಲು ನಿಂತಿತು. ಅಲ್ಲಿ ಡಾಂಬರಿಲ್ಲ, ಜಲ್ಲಿ. 1,500 ಮೀಟರ್ ದಾಟಿ ಏರುತ್ತದೆ. ನೋಟ ಎಲ್ಲಕ್ಕಿಂತ ಚೆನ್ನ, ಆದರೆ ಅಪ್ಪನಿಗೆ ಮೋಟಾರ್ ಇರುವ ಸೈಕಲ್ ಆದರೆ ಮಾತ್ರ. ಮೋಟಾರ್ ಅಂದರೆ ಸ್ಕೂಟರ್ ಅಲ್ಲ ಅಪ್ಪಾ, ನೀವು ಪೆಡಲ್ ತುಳಿದರೆ ಮಾತ್ರ ಅದೂ ತಳ್ಳುತ್ತದೆ.

ಬರುವುದಾದರೆ ಜೂನ್ ಇಲ್ಲ ಸೆಪ್ಟೆಂಬರ್‌ನಲ್ಲಿ ಬನ್ನಿ. ಆಗಸ್ಟ್ ಬೇಡ, ಇಟಲಿಯವರಿಗೆಲ್ಲ ರಜೆ, ರೈಲಿನಲ್ಲಿ ಸೈಕಲ್ ಇಡಲು ಜಾಗ ಸಿಗುವುದಿಲ್ಲ. ಆಸ್ಟ್ರಿಯಾ, ಇಟಲಿ ಎರಡಕ್ಕೂ ಒಂದೇ ಷೆಂಗನ್ ವೀಸಾ ಸಾಕು. ಬಾಡಿಗೆ ಅಂಗಡಿಯವರು ಎತ್ತರ ನೋಡಿ ಸೈಕಲ್ ಕೊಡುತ್ತಾರೆ. ಅಮ್ಮಾ, ಅಪ್ಪನನ್ನು ಗೋಡೆಗೆ ನಿಲ್ಲಿಸಿ ಸರಿಯಾಗಿ ಅಳೆದು ಸೆಂಟಿಮೀಟರಿನಲ್ಲಿ ಬರೆದು ಕಳಿಸು. ಅವರು ಹೇಳುವ ಲೆಕ್ಕ ನಂಬಬೇಡ, ಯಾವಾಗಲೂ ಎರಡು ಇಂಚು ಸೇರಿಸುತ್ತಾರೆ.

ಇಂತಿ ನಿಮ್ಮ ಪ್ರೀತಿಯ ಮಗ