ಅನುಮತಿಯಿಲ್ಲದೆ ಬೇರೆ ಬಗೆಯ ಬ್ರೇಕ್ ಡಿಸ್ಕ್ ಜೋಡಿಸಿರುವ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಕಾರು ಸರ್ವೀಸ್ ಕೇಂದ್ರ, ಶಿವಮೊಗ್ಗ

ಮಾನ್ಯರೇ,

ವಿಷಯ: ಮುಂದಿನ ಚಕ್ರಗಳ ಬ್ರೇಕ್ ಡಿಸ್ಕ್‌ಗಳಲ್ಲಿ ಬಿರುಕು ಕಾಣಿಸಿಕೊಂಡಿರುವ ಬಗ್ಗೆ.

ನನ್ನ ಕಾರಿನ ಮುಂದಿನ ಡಿಸ್ಕ್‌ಗಳು ಸವೆದು, ಅವುಗಳ ಮೇಲೆಯೇ ನಮೂದಿಸಿರುವ ಕನಿಷ್ಠ ದಪ್ಪದ ಮಿತಿಗೆ ಬಂದಿದ್ದರಿಂದ, ಬದಲಿಸಿಕೊಡಲು ತಮ್ಮ ಕೇಂದ್ರಕ್ಕೆ ಒಪ್ಪಿಸಿದ್ದೆ. ಕಾರಿನೊಂದಿಗೆ ಬಂದಿದ್ದವು ನಯವಾದ ಮೈಯ ವೆಂಟಿಲೇಟೆಡ್ ಡಿಸ್ಕ್‌ಗಳು; ಅದೇ ಬಗೆಯವನ್ನು ಹಾಕಬೇಕೆಂದು ಜಾಬ್ ಕಾರ್ಡ್‌ನಲ್ಲಿ ಬರೆಸಿದ್ದೆ. ತಮ್ಮ ಸಿಬ್ಬಂದಿ ನನ್ನನ್ನು ಕೇಳದೆ ರಂಧ್ರ ಕೊರೆದ ಡಿಸ್ಕ್‌ಗಳನ್ನು ಜೋಡಿಸಿ, ಬಿಲ್ಲಿನಲ್ಲಿ ‘ಮುಂದಿನ ಡಿಸ್ಕ್, ಒಂದು ಜೊತೆ’ ಎಂದಷ್ಟೇ ಬರೆದು, ಹೆಚ್ಚಿನ ಬೆಲೆ ಪಡೆದಿದ್ದಾರೆ. ಈಗ ಎರಡೂ ಡಿಸ್ಕ್‌ಗಳಲ್ಲಿ ರಂಧ್ರದಿಂದ ರಂಧ್ರಕ್ಕೆ ಕೂದಲೆಳೆಯಂತಹ ಬಿರುಕುಗಳು ಹಬ್ಬಿವೆ.

ನನ್ನ ಓಡಾಟ ತೀರ್ಥಹಳ್ಳಿಯಿಂದ ಉಡುಪಿಗೆ, ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳ ಮೂಲಕ. ಇಳಿಜಾರಿನಲ್ಲಿ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಡಿಸ್ಕ್‌ಗಳ ಮೇಲೆಯೇ ಬೀಳುತ್ತದೆ. ಆ ಕಾರಣಕ್ಕೇ ಹಿಂದಿನ ಚಕ್ರಗಳಲ್ಲಿ ಒಂದೇ ಫಲಕದ ಸಾಲಿಡ್ ಡಿಸ್ಕ್ ಇದ್ದರೂ, ಮುಂದಿನ ಚಕ್ರಗಳಲ್ಲಿ ಎರಡು ಫಲಕಗಳ ನಡುವೆ ಗಾಳಿ ಹರಿಯುವ ವೆಂಟಿಲೇಟೆಡ್ ಡಿಸ್ಕ್ ಇಡುತ್ತಾರೆ. ಎರಕದ ಕಬ್ಬಿಣದಲ್ಲಿ ರಂಧ್ರ ಕೊರೆದರೆ ಶಾಖವನ್ನು ಹೀರಿಕೊಳ್ಳುವ ಲೋಹವೂ ಕಡಿಮೆಯಾಗುತ್ತದೆ, ಪದೇ ಪದೇ ಕಾದು ಆರುವಾಗ ರಂಧ್ರದ ಅಂಚಿನಲ್ಲಿ ಒತ್ತಡವೂ ಕೇಂದ್ರೀಕರಿಸುತ್ತದೆ. ಬಿರುಕು ಹುಟ್ಟುವುದು ಅಲ್ಲಿಯೇ.

ವಿಚಾರಿಸಿದಾಗ ತಮ್ಮ ಸಲಹೆಗಾರರು, ರೇಸ್ ಕಾರುಗಳಲ್ಲಿಯೂ ಇಂತಹವೇ ಇರುತ್ತವೆ ಎಂದರು. ಇದು ಸರಿಯಲ್ಲ. ಫಾರ್ಮುಲಾ ಒನ್ ಕಾರುಗಳ ಡಿಸ್ಕ್ ಕಬ್ಬಿಣದ್ದಲ್ಲ, ಇಂಗಾಲದ್ದು. ಅದರ ರಂಧ್ರಗಳು ಗಾಳಿಗಾಗಿ ಹೊರ ಅಂಚಿನಿಂದ ಒಳಕ್ಕೆ ಸಾಗುತ್ತವೆಯೇ ಹೊರತು, ಬ್ರೇಕ್ ಒತ್ತಿದಾಗ ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡ್ ಉಜ್ಜುವ ಮೈಯಲ್ಲಿ ಇರುವುದಿಲ್ಲ. ಕಬ್ಬಿಣದ ಡಿಸ್ಕ್ ಬಳಸುವ ರೇಸ್ ಕಾರುಗಳಲ್ಲಿಯೂ ಸಾಮಾನ್ಯವಾಗಿ ಕಾಣುವುದು ರಂಧ್ರಗಳ ಬದಲು ಮೈಮೇಲೆ ಗೀರಿನಂತಹ ಕಾಲುವೆಗಳಿರುವ ಸ್ಲಾಟೆಡ್ ಡಿಸ್ಕ್. ಅದು ಪ್ಯಾಡನ್ನು ಬೇಗ ಸವೆಸಿದರೂ ಬಿರುಕಿಗೆ ಅಷ್ಟು ಸುಲಭವಾಗಿ ಈಡಾಗುವುದಿಲ್ಲ. ಮಳೆಯಲ್ಲಿ ರಂಧ್ರಗಳು ನೀರನ್ನು ಬೇಗ ಹೊರಹಾಕುತ್ತವೆ ಎಂಬ ಅವರ ಇನ್ನೊಂದು ಮಾತು ನಿಜವೇ, ಮಲೆನಾಡಿನಲ್ಲಿ ಅದು ಸಣ್ಣ ಅನುಕೂಲವೂ ಅಲ್ಲ. ಆದರೆ ಆ ಅನುಕೂಲ ಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವನು, ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿಯುವ ನಾನು.

ಆದ್ದರಿಂದ ಕಾರು ತಯಾರಕರು ಸೂಚಿಸಿದ ಅಳತೆಯ, ನಯವಾದ ಮೈಯ ವೆಂಟಿಲೇಟೆಡ್ ಡಿಸ್ಕ್‌ಗಳನ್ನು ಹೊಸ ಪ್ಯಾಡ್‌ಗಳ ಸಹಿತ ತಮ್ಮ ಖರ್ಚಿನಲ್ಲಿ ಜೋಡಿಸಿಕೊಡಬೇಕು, ಹೆಚ್ಚುವರಿಯಾಗಿ ಪಡೆದ ಹಣವನ್ನು ಹಿಂದಿರುಗಿಸಬೇಕು, ಮತ್ತು ಬಿಲ್ಲಿನಲ್ಲಿ ಡಿಸ್ಕಿನ ಬಗೆ ಹಾಗೂ ಪಾರ್ಟ್ ನಂಬರನ್ನು ಸ್ಪಷ್ಟವಾಗಿ ನಮೂದಿಸಬೇಕು. ಬಿರುಕು ಬಿಟ್ಟ ಡಿಸ್ಕ್‌ಗಳ ಮೇಲೆ ಕಾರು ಓಡಿಸುವುದು ಅಪಾಯವಾದ್ದರಿಂದ ವಾಹನವನ್ನು ಮನೆಯಲ್ಲಿಯೇ ನಿಲ್ಲಿಸಿದ್ದೇನೆ. ಅದನ್ನು ಕೊಂಡೊಯ್ಯುವ ವ್ಯವಸ್ಥೆಯನ್ನೂ ತಾವೇ ಮಾಡತಕ್ಕದ್ದು. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅನ್ವಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಜಾಬ್ ಕಾರ್ಡ್ ಮತ್ತು ಬಿಲ್ಲಿನ ಪ್ರತಿಗಳನ್ನು, ಬಿರುಕುಗಳ ಛಾಯಾಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ,
ತಮ್ಮ ಗ್ರಾಹಕ,
ತೀರ್ಥಹಳ್ಳಿ